ಕಂಚಿನ ಕುದುರೆ ಬಿದ್ದ ಮಧ್ಯಾಹ್ನ

ಪದ್ಮಾ ಆಂಟಿ ಆ ಕಂಚಿನ ಕುದುರೆಯನ್ನು ಬೀಳಿಸಲಿಲ್ಲ. ಬೀಳಿಸಿದವಳು ನಾನು.

ಕೈಜಾರುವುದು ದೊಡ್ಡ ತಪ್ಪೇನಲ್ಲ, ಯಾರ ಕೈಯಾದರೂ ಜಾರೀತು. ನನ್ನ ತಪ್ಪು ಅದಾದ ಮೇಲಿನದು. ಆ ಹಿರಿಯ ಹೆಂಗಸು ನನ್ನ ಮುಖವನ್ನೇ ನೋಡುತ್ತ ಒಂದು ಪ್ರಶ್ನೆ ಕೇಳಿದರು. ನಾನು ಕೊಟ್ಟ ಉತ್ತರ ಪೂರ್ತಿ ಸುಳ್ಳು ಕೂಡ ಆಗಿರಲಿಲ್ಲ — ಸುಳ್ಳು ಹೇಳುವಷ್ಟು ಧೈರ್ಯವೂ ನನಗಿರಲಿಲ್ಲ. ಆ ಉತ್ತರದಿಂದ ಅವರ ಕಾರು ಹೋಯಿತು, ಅಡುಗೆಮನೆ ಹೋಯಿತು, ಕೊನೆಗೆ ತಮ್ಮ ತಲೆಯ ಮೇಲೆ ತಮಗಿದ್ದ ನಂಬಿಕೆಯೂ ಹೋಯಿತು. ನಾಲ್ಕು ವರ್ಷ ನಾನು ಬಾಯಿ ಬಿಡಲಿಲ್ಲ.

2020ರ ವಸಂತದಲ್ಲಿ ನಾನು ಅಮೆರಿಕದಲ್ಲಿ, ಲಾಸ್ ಏಂಜಲಿಸ್‌ನ ಸ್ಯಾನ್ ಪೀಡ್ರೊದಲ್ಲಿದ್ದೆ. ಬಂದರಿನ ಹಿಂದಿನ ಬೀದಿಯಲ್ಲಿ ಹಳೆಯ ಲೋಹದ ಸಾಮಾನುಗಳನ್ನು ದುರಸ್ತಿ ಮಾಡುವ ಒಂದು ಕಾರ್ಯಾಗಾರದಲ್ಲಿ ಕೆಲಸ. ಹಡಗಿನ ಗಂಟೆಗಳು, ತೋಟದ ಪ್ರತಿಮೆಗಳು, ಶ್ರೀಮಂತರ ಮನೆಯ ಹಳೆಯ ಶಿಲ್ಪಗಳು — ಬಿರುಕು ಬಿಟ್ಟದ್ದನ್ನು ಕೂಡಿಸುವುದು, ಬಣ್ಣ ಕೆಟ್ಟದ್ದನ್ನು ಸರಿಮಾಡುವುದು ನನ್ನ ಪಾಲಿನದು. ಮೈಸೂರಿನಲ್ಲಿ ಶಿಲ್ಪಕಲೆ ಓದಿ, ಇಲ್ಲಿ ಲೋಹದ ಸಂರಕ್ಷಣೆ ಕಲಿತು, ಹೇಗೋ ಆ ಕೆಲಸ ಹಿಡಿದಿದ್ದೆ. ಕೊರೋನಾ ಬಂದು ಊರೆಲ್ಲ ಬಾಗಿಲು ಹಾಕಿಕೊಂಡಾಗ ಕಾರ್ಯಾಗಾರವೂ ಮುಚ್ಚಿತು. ಮಾಲೀಕ ನನ್ನನ್ನು ತೆಗೆಯಲಿಲ್ಲ, "ನೋಡೋಣ" ಎಂದಷ್ಟೇ ಹೇಳಿದ. ಆ 'ನೋಡೋಣ'ದ ಮೇಲೆ ನನ್ನ ವೀಸಾ ನೇತಾಡುತ್ತಿತ್ತು. ಕೆಲಸ ಹೋದರೆ ದೇಶ ಬಿಡಬೇಕು. ಬಿಡೋಣವೆಂದರೆ ವಿಮಾನಗಳೇ ಇಲ್ಲ.

ಆಗ ಫೋನ್ ಮಾಡಿ ಕರೆದವರು ಸ್ಯಾನ್ ಡಿಯೇಗೊದ ಶ್ರೀಪತಿ ಡಾಕ್ಟರು. ಉಡುಪಿ ಕಡೆಯವರು. ಮನುಷ್ಯರ ಡಾಕ್ಟರಲ್ಲ, ಕುದುರೆಗಳ ಡಾಕ್ಟರು. ಸುತ್ತಲಿನ ಕುದುರೆ ಫಾರ್ಮುಗಳಲ್ಲಿ ಜೀವಮಾನವಿಡೀ ಕೆಲಸ ಮಾಡಿ ನಿವೃತ್ತರಾಗಿದ್ದರು. ಒಂದು ಯುಗಾದಿ ಊಟದಲ್ಲಿ ಪರಿಚಯವಾಗಿ, ಆಮೇಲೆ ವರ್ಷಕ್ಕೊಮ್ಮೆ ಅವರ ಮನೆಗೆ ಹೋಗಿ ಅವರ ಕಂಚಿನ ಕುದುರೆಗೆ ಮೇಣ ಹಚ್ಚಿ ಬರುತ್ತಿದ್ದೆ. "ಅಲ್ಲಿ ಒಬ್ಳೇ ಎಂತ ಮಾಡ್ತಿ? ಹಿತ್ತಿಲಲ್ಲಿ ಒಂದು ಸಣ್ಣ ಮನೆ ಖಾಲಿ ಉಂಟು. ಬಂದು ಇರು" ಎಂದರು. ಹಿಂದಿನಿಂದ ಅವರ ಹೆಂಡತಿ ಪದ್ಮಾ ಆಂಟಿಯ ದನಿ: "ಬಾಡಿಗೆ ಗೀಡಿಗೆ ಅಂತ ಮಾತಾಡಿದ್ರೆ ಊಟ ಹಾಕುದಿಲ್ಲ ಹೇಳಿ ಅವಳಿಗೆ!"

ಹೋದೆ.

ಆ ಕುದುರೆಯ ಬಗ್ಗೆ ಹೇಳಬೇಕು. ನೂರೈವತ್ತು ವರ್ಷಗಳ ಹಿಂದೆ ಪ್ಯಾರಿಸ್ಸಿನಲ್ಲಿ ಪ್ರಾಣಿಗಳನ್ನಷ್ಟೇ ಮಾಡುವ ಶಿಲ್ಪಿಗಳ ಒಂದು ಗುಂಪಿತ್ತು. ರಾಜರನ್ನೂ ದೇವತೆಗಳನ್ನೂ ಬಿಟ್ಟು ನಾಯಿ, ಹುಲಿ, ಎತ್ತು, ಕುದುರೆಗಳ ಹಿಂದೆ ಬಿದ್ದವರು. ಅಂಥ ಒಬ್ಬರ ಕೈಯದು ಈ ಹೆಣ್ಣು ಕುದುರೆ. ಮೊಳದುದ್ದ. ಮುಂದಿನ ಒಂದು ಕಾಲನ್ನು ತುಸು ಎತ್ತಿ, ಒಂದು ಕಿವಿಯನ್ನು ಹಿಂದಕ್ಕೆ ತಿರುಗಿಸಿ ನಿಂತಿದೆ, ಬೆನ್ನ ಹಿಂದೆ ಯಾರೋ ಬಂದರೆಂಬಂತೆ. ಮೈಬಣ್ಣ ಹಳೆಯ ಹುಣಸೆಹಣ್ಣಿನದು, ಜನರ ಕೈ ಸವರಿದ ಕಡೆ ಮಾತ್ರ ಒಳಗಿನ ಕೆಂಪು ಕಾಣುತ್ತದೆ. ಡಾಕ್ಟರು ಅದರ ಮೊಣಕಾಲಿನ ಹತ್ತಿರ ಬೆರಳಿಟ್ಟು, "ಇದನ್ನು ಮಾಡಿದವ ಕುದುರೆಯನ್ನು ದೂರದಿಂದ ನೋಡಿದವ ಅಲ್ಲ, ಕಾಲು ಹಿಡಿದು ನೋಡಿದವ" ಎನ್ನುತ್ತಿದ್ದರು. ಅವರಿಲ್ಲದೆ ಅದನ್ನು ಯಾರೂ ಎತ್ತುವಂತಿರಲಿಲ್ಲ. ಧೂಳು ಒರೆಸುವ ಅಧಿಕಾರ ಮಾತ್ರ ಆಂಟಿಗಿತ್ತು, ಅದೂ ಅದು ನಿಂತಲ್ಲೇ.

"ಅವಳು ನನ್ನ ಸವತಿ" ಎಂದು ಆಂಟಿ ನಗುತ್ತಿದ್ದರು. "ನಂಗೆ ಜ್ವರ ಬಂದ್ರೆ ಒಂದು ಮಾತ್ರೆ. ಅವಳಿಗೆ ವರ್ಷ ವರ್ಷ ಲಾಸ್ ಏಂಜಲಿಸ್‌ನಿಂದ ಸ್ಪೆಷಲಿಸ್ಟ್!"

ಪದ್ಮಾ ಆಂಟಿ ಇಪ್ಪತ್ತು ವರ್ಷ ಸ್ಕೂಲ್ ಬಸ್ ಓಡಿಸಿದವರು. ಆ ಹಳದಿ ಬಸ್ಸನ್ನು. ಸೀರೆಯುಟ್ಟು ಮದುವೆಯಾಗಿ ಬಂದ ಹೆಂಗಸು ಪ್ಯಾಂಟು ತೊಟ್ಟು ಬಸ್ಸಿನ ಸ್ಟೀರಿಂಗ್ ಹಿಡಿದದ್ದು ಆ ಕಾಲದ ನಮ್ಮವರಲ್ಲಿ ದೊಡ್ಡ ಸುದ್ದಿಯಾಗಿತ್ತಂತೆ. ಡಾಕ್ಟರಿಗೆ ಒಳಗೊಳಗೇ ಸಂಕೋಚ, ಯಾರಾದರೂ ಕೇಳಿದರೆ "ಸ್ಕೂಲ್‌ನಲ್ಲಿದ್ದಾಳೆ" ಎಂದಷ್ಟೇ ಹೇಳುತ್ತಿದ್ದರಂತೆ. ಎಪ್ಪತ್ತು ದಾಟಿದ ಮೇಲೂ ಆಂಟಿ ಎರಡು ಗಂಟೆ ದೂರದ ಎಲ್ ಸೆಗುಂಡೋದಲ್ಲಿದ್ದ ಮಗಳು ಅನಿತಾಳ ಮನೆಗೆ ಒಬ್ಬರೇ ಡ್ರೈವ್ ಮಾಡಿಕೊಂಡು ಹೋಗಿಬರುತ್ತಿದ್ದರು. ಬಾಗಿಲ ಪಕ್ಕದ ಮೊಳೆಯಲ್ಲಿ ಅವರ ಕಾರಿನ ಕೀ. ಹೋಗುವಾಗ ಯಾರಿಗೂ ಹೇಳುತ್ತಿರಲಿಲ್ಲ, ಬಂದ ಮೇಲೆ ಹೇಳುತ್ತಿದ್ದರು.

ಆ ವರ್ಷ ಅದೆಲ್ಲ ನಿಂತಿತ್ತು. ಡಾಕ್ಟರಿಗೆ ಶ್ವಾಸಕೋಶದ ತೊಂದರೆ, ಹಾಗಾಗಿ ನಾವು ಮೂವರೂ ಗೇಟು ದಾಟುತ್ತಿರಲಿಲ್ಲ. ಸಾಮಾನು ಗೇಟಿಗೆ ಬರುತ್ತಿತ್ತು. ಅನಿತಾ ವಿಡಿಯೋದಲ್ಲಿ ಬರುತ್ತಿದ್ದಳು. ನನ್ನ ಹಿತ್ತಿಲ ಮನೆಯ ಕಿಟಕಿ ಅವರ ಅಡುಗೆಮನೆಯ ಕಿಟಕಿಗೆ ಎದುರು. ಒಬ್ಬರನ್ನೊಬ್ಬರು ನೋಡದೆ ಕಾಫಿ ಕುಡಿಯುವುದೂ ಸಾಧ್ಯವಿರಲಿಲ್ಲ. ಆಗ ಅದು ಹಿತವೆನಿಸುತ್ತಿತ್ತು.

ಬೇಸಿಗೆಯಲ್ಲಿ ಲಾಸ್ ಏಂಜಲಿಸ್‌ನ ದೊಡ್ಡ ಕಲಾಸಂಗ್ರಹವೊಂದರ ದುರಸ್ತಿ ವಿಭಾಗದಿಂದ ನನಗೆ ಇಂಟರ್‌ವ್ಯೂ ಬಂತು. ಅಲ್ಲಿ ಒಬ್ಬರಿಗೆ ಡಾಕ್ಟರು ಪರಿಚಯ, ನನ್ನ ಪರವಾಗಿ ಅವರೇ ಒಂದು ಮಾತು ಹೇಳಿದ್ದರು. ನಾನು ನೋಡಿಕೊಂಡ ಒಂದು ಶಿಲ್ಪದ ಬಗ್ಗೆ ವಿಡಿಯೋ ತೋರಿಸಿ ಮಾತಾಡಬೇಕಿತ್ತು. ಕುದುರೆಯನ್ನೇ ತೋರಿಸೋಣ ಎಂದುಕೊಂಡೆ. ಡಾಕ್ಟರನ್ನು ಕೇಳಿದ್ದರೆ ಖಂಡಿತ ಒಪ್ಪುತ್ತಿದ್ದರು — ಅದನ್ನು ಈಗಲೂ ನೆನೆದರೆ... ಕೇಳಲಿಲ್ಲ. ಅವರು ಊಟ ಮುಗಿಸಿ ಮಲಗಿದ್ದರು. ಆಂಟಿ ಒಳಗೆ ಫೋನಿನಲ್ಲಿ ಅಕ್ಕನ ಜೊತೆ ತುಳುವಿನಲ್ಲಿ ಮಾತಾಡುತ್ತಿದ್ದರು. ಹಿಂದಿನ ವರಾಂಡದಲ್ಲಿ ಒಳ್ಳೆಯ ಬಿಸಿಲಿತ್ತು. ಐದು ನಿಮಿಷದ ಕೆಲಸ ಎಂದುಕೊಂಡು ಎತ್ತಿಕೊಂಡೆ.

ಮರದ ಪೀಠವನ್ನು ಹಿಡಿದು ಎತ್ತಿದ್ದೆ. ಕಲಿಯುವವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ — ಪೀಠ ಹಿಡಿದು ಎತ್ತಬೇಡ, ಮೈ ಹಿಡಿದು ಎತ್ತು. ಪೀಠದ ಸ್ಕ್ರೂ ಸಡಿಲಾಗಿತ್ತು. ಹೊಸ್ತಿಲು ದಾಟುವಾಗ ಕುದುರೆ ಪೀಠದಿಂದ ಕಳಚಿ, ಮುಗ್ಗರಿಸಿದಂತೆ ಮುಂದಕ್ಕೆ ಬಾಗಿ, ನೆಲದ ಟೈಲ್ಸಿಗೆ ಬಿತ್ತು. ಕಂಚು ಬಿದ್ದರೆ ಗಂಟೆಯಂತೆ ಮೊಳಗುತ್ತದೆ ಎಂದು ಜನ ತಿಳಿಯುತ್ತಾರೆ. ಹಾಗೇನಿಲ್ಲ. ಮಂದವಾದ, ಮೈ ನೆಲಕ್ಕೆ ಬಿದ್ದಂಥ ಸದ್ದು.

ಎತ್ತಿದ್ದ ಮುಂಗಾಲು ಭುಜದ ಬೆಸುಗೆಯಲ್ಲಿ ಬಿರುಕು ಬಿಟ್ಟು ಒಳಕ್ಕೆ ಸೊಟ್ಟಗಾಗಿತ್ತು. ಕಿವಿಯ ತುದಿ ಮಡಚಿತ್ತು. ಎದೆಯ ಮೇಲೆ ಬಣ್ಣ ಕಿತ್ತು ಹಸಿ ಹಳದಿ ಲೋಹ ಹೊಳೆಯುತ್ತಿತ್ತು.

ಒಳಗೆ ತುಳು ಮಾತು ನಿಂತಿರಲಿಲ್ಲ. ಯಾರಿಗೂ ಕೇಳಿಸಿರಲಿಲ್ಲ.

ಕುದುರೆಯನ್ನು ಮತ್ತೆ ಪೀಠಕ್ಕೆ ಕೂರಿಸಿ, ಮುರಿದ ಬದಿಯನ್ನು ಗೋಡೆಗೆ ತಿರುಗಿಸಿ, ಮೊದಲಿದ್ದ ಜಾಗದಲ್ಲೇ ಇಟ್ಟೆ. ಸಂಜೆ ಕಾಫಿಗೆ ಎಲ್ಲರೂ ಕೂತಾಗ ಹೇಳಿಬಿಡುತ್ತೇನೆ ಎಂದುಕೊಂಡೆ. ಸಂಜೆ ಡಾಕ್ಟರು ಆ ಇಂಟರ್‌ವ್ಯೂ ಬಗ್ಗೆಯೇ ಮಾತೆತ್ತಿದರು: "ಅವರಿಗೆ ಹೇಳಿದ್ದೇನೆ, ವಿದ್ಯಾಳ ಕೈ ಅಂದ್ರೆ ದೇವರ ಕೈ ಅಂತ." ನಾನು ಕಾಫಿ ಲೋಟ ಕೆಳಗಿಟ್ಟೆ. ಇಂಟರ್‌ವ್ಯೂ ಮುಗಿಯಲಿ, ಆಮೇಲೆ... ಕಂಚು ಬೀಳಿಸಿದ ಕಂಚಿನ ಕೆಲಸದವಳನ್ನು ಯಾರು ತೆಗೆದುಕೊಳ್ಳುತ್ತಾರೆ?

ನಾಲ್ಕಾರು ದಿನ ಹಾಗೇ ಕಳೆದಿರಬೇಕು. ಒಂದು ಬೆಳಿಗ್ಗೆ ಡಾಕ್ಟರ ಕೂಗು ಹಿತ್ತಿಲವರೆಗೆ ಕೇಳಿತು. ಓಡಿದೆ. ಅವರು ಕುದುರೆಯ ಮುಂದೆ ನಿಂತಿದ್ದರು, ಸೊಟ್ಟಗಾದ ಕಾಲನ್ನು ಎರಡೂ ಅಂಗೈಯಲ್ಲಿ ಹಿಡಿದು, ಜೀವವಿರುವ ಪ್ರಾಣಿಯ ಕಾಲನ್ನು ಹಿಡಿದ ಹಾಗೆ. ಆಂಟಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು.

"ಎಂತ ಮಾಡಿದ್ದು ಪದ್ಮಾ ನೀನು?"

"ನಾನೆಂತ ಮಾಡ್ಲಿ? ನಾನು ಮುಟ್ಲಿಲ್ಲ."

"ಕಡೇ ಸಲ ಒರೆಸಿದ್ದು ನೀನೇ ಅಲ್ವಾ? ಬೀಳಿಸಿದ್ರೆ ಬೀಳಿಸಿದೆ ಅಂತ ಹೇಳು. ಗೋಡೆಗೆ ತಿರುಗಿಸಿ ಇಡುದಾ?"

"ಒರೆಸಿದ್ದು ಹೌದು. ಬೀಳಿಸ್ಲಿಲ್ಲ."

"ಹೋದ ವಾರ ಗ್ಯಾಸ್ ಆರಿಸ್ಲಿಕ್ಕೆ ಮರ್ತದ್ದು ಯಾರು? ಅದಕ್ಕೂ ಹೀಗೇ ಹೇಳಿದಿ. ನಾನಲ್ಲ, ನಾನಲ್ಲ."

ಗ್ಯಾಸ್ ಮರೆತದ್ದು ನಿಜ. ಯಾರೂ ಮರೆಯುವಂಥದ್ದೇ. ಆದರೆ ಆ ಮಾತು ಆಂಟಿಯೊಳಗೆ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಅವರು ಕುದುರೆಯನ್ನು ನೋಡಿದರು, ತಮ್ಮ ಕೈಗಳನ್ನು ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. ಗಂಡನಿಗಿಂತ ನನ್ನ ಮೇಲೆ ಹೆಚ್ಚು ನಂಬಿಕೆಯಿಟ್ಟು.

"ವಿದ್ಯಾ, ನೀನು ಹೇಳು. ನಾನೇ ಬೀಳಿಸಿರ್ಬಹುದಾ? ನಂಗೆ ಒಂಚೂರೂ ನೆನಪಿಲ್ಲ ಮಾರಾಯ್ತಿ."

"ಇರಬಹುದು ಆಂಟಿ" ಎಂದೆ. "ಒರೆಸುವಾಗ ಕೈಜಾರಿರಬಹುದು."

ಅಷ್ಟೇ. ಆಂಟಿ ತಲೆಯಾಡಿಸಿ, "ಹಾಗೇ ಇರ್ಬೇಕು" ಎಂದರು. ಅಳಲಿಲ್ಲ. ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದರು. ಡಾಕ್ಟರ ಸಿಟ್ಟು ಒಂದು ಕ್ಷಣದಲ್ಲಿ ಇಳಿದು ಆ ಜಾಗದಲ್ಲಿ ಭಯ ಬಂದು ಕೂತಿತು. ಹೆಂಡತಿ ಸುಳ್ಳು ಹೇಳುತ್ತಿಲ್ಲ, ಅವಳಿಗೆ ನಿಜವಾಗಿಯೂ ನೆನಪಿಲ್ಲ — ಹಾಗೆಂದು ಅವರಿಗೆ ಖಾತ್ರಿಯಾಯಿತು. ಸಿಟ್ಟೇ ಇದ್ದಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತು.

ಆಮೇಲಿನದೆಲ್ಲ ಪ್ರೀತಿಯಿಂದಲೇ ನಡೆಯಿತು. ಅದೇ ಭಯಂಕರ. ಡಾಕ್ಟರು ಯಾರೋ ಪರಿಚಯದ ನರರೋಗ ತಜ್ಞರಿಗೆ ಫೋನ್ ಮಾಡಿದರು. ವಿಡಿಯೋದಲ್ಲೇ ಪರೀಕ್ಷೆ. ಪರದೆಯ ಮೇಲೆ ಮಾಸ್ಕ್ ಹಾಕಿದ ಒಬ್ಬ ಅಪರಿಚಿತ ಇಂಗ್ಲಿಷಿನಲ್ಲಿ ಐದು ಪದ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಅವನ್ನು ನೆನಪಿನಿಂದ ಹೇಳಿ ಎಂದಾಗ ಆಂಟಿ ಎರಡು ಹೇಳಿ ನಿಂತರು. ಹೆದರಿದವರಿಗೆ ಏನು ನೆನಪಿರುತ್ತದೆ? ಕುದುರೆಯ ಕಥೆಯನ್ನು ಡಾಕ್ಟರು ಲಕ್ಷಣವೆಂದು ವಿವರಿಸಿದರು. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಆರಂಭದ ಮರೆವಿನ ಕಾಯಿಲೆ ಇರಬೇಕು, ಎಚ್ಚರಿಕೆಯಿಂದಿರಿ ಎಂದರು ಆ ಕಡೆಯವರು.

ಕಾರಿನ ಕೀ ಮೊಳೆಯಿಂದ ಮಾಯವಾಯಿತು. ಒಲೆಯ ಗುಂಡಿಗಳಿಗೆ ಮಕ್ಕಳಿರುವ ಮನೆಯಲ್ಲಿ ಹಾಕುವಂಥ ಪ್ಲಾಸ್ಟಿಕ್ ಮುಚ್ಚಳ ಬಂತು. ಮುಂಬಾಗಿಲಿಗೆ ತೆರೆದರೆ ಕೂಗುವ ಗಂಟೆ. ಅನಿತಾ ಪರದೆಯಲ್ಲಿ ಅಳುತ್ತ, "ಮಾಮ್, ಇಟ್ಸ್ ಫಾರ್ ಯುವರ್ ಸೇಫ್ಟಿ, ಪ್ಲೀಸ್" ಎಂದಳು. ಆಂಟಿ ಕನ್ನಡದಲ್ಲಿ, "ಆಯ್ತು ಮಗಾ, ನೀನು ಅಳ್ಬೇಡ" ಎಂದರು.

ಡಾಕ್ಟರು ನನ್ನನ್ನು ಹೊರಗೆ ಕರೆದು, "ನೀನಿರುದೇ ನಮ್ಮ ಪುಣ್ಯ. ಅವಳ ಮೇಲೆ ಒಂದು ಕಣ್ಣಿಡು" ಎಂದರು. ಹೀಗೆ ನಾನು ಕಾವಲುಗಾರ್ತಿಯಾದೆ. ನನ್ನ ಕಿಟಕಿ ಅಡುಗೆಮನೆಗೆ ಎದುರಿತ್ತಲ್ಲ — ಅದು ಅನುಕೂಲವಾಯಿತು. ಆಂಟಿ ಸಾರಿಗೆ ಉಪ್ಪು ಹಾಕಿ, ಕಿಟಕಿಯಿಂದ ಕೂಗಿ ಕೇಳುತ್ತಿದ್ದರು: "ವಿದ್ಯಾ, ನಾನು ಉಪ್ಪು ಹಾಕಿದ್ದು ನೋಡಿದ್ಯಾ?" ಮೊದಮೊದಲು ನಗುತ್ತ ಕೇಳುತ್ತಿದ್ದರು. ಆಮೇಲೆ ನಗದೆ. ನಾನು "ಹಾಕಿದ್ರಿ ಆಂಟಿ" ಎನ್ನುತ್ತಿದ್ದೆ. ಅಷ್ಟು ಚಿಕ್ಕ ನಿಜಗಳನ್ನು ಹೇಳಿ ಹೇಳಿ, ದೊಡ್ಡದನ್ನು ತೀರಿಸುತ್ತಿದ್ದೇನೆ ಎಂದುಕೊಳ್ಳುತ್ತಿದ್ದೆನೋ ಏನೋ.

ಕುದುರೆಯನ್ನು ಸರಿಮಾಡುವ ಕೆಲಸವೂ ನನಗೇ ಬಂತು. "ಕಾಲು ಮುರಿದ ಕುದುರೆಗೆ ನಾನು ಕೊಟ್ಟದ್ದು ಒಂದೇ ಔಷಧಿ. ಕಣ್ಣು ಮುಚ್ಚಿಸುವ ಇಂಜೆಕ್ಷನ್" ಎಂದರು ಡಾಕ್ಟರು, ಕುದುರೆಯನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗಿಡುತ್ತ. "ನೀನಾದ್ರೂ ಇದನ್ನು ಉಳಿಸು." ಹಿತ್ತಿಲ ಮನೆಯ ಮೇಜಿನ ಮೇಲೆ ಅದನ್ನು ಮಲಗಿಸಿ ಕೆಲಸ ಮಾಡಿದೆ. ಹಳೆಯ ಬೆಸುಗೆ ಬಿಡಿಸಿ, ಕಾಲನ್ನು ಬಿಸಿಮಾಡಿ ಚೂರುಚೂರೇ ಹಿಂದಕ್ಕೆ ತಂದು, ಹೊಸ ಹಿತ್ತಾಳೆಯ ಮೊಳೆಯಿಟ್ಟು ಕೂಡಿಸಿದೆ. ಎದೆಯ ಗಾಯಕ್ಕೆ ಬಣ್ಣ ಕೂಡಿಸಲು ವಾರಗಟ್ಟಲೆ ಹಿಡಿಯಿತು. ನನ್ನ ಜೀವನದಲ್ಲಿ ಅದಕ್ಕಿಂತ ಒಳ್ಳೆಯ ಕೆಲಸ ನಾನು ಮಾಡಿಲ್ಲ. ಆಂಟಿ ದಿನಾ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನನ್ನಿಂದ ನಿಂಗೆಷ್ಟು ಕಷ್ಟ" ಎನ್ನುತ್ತಿದ್ದರು. ನಾನು ತಲೆ ಎತ್ತುತ್ತಿರಲಿಲ್ಲ.

ಇಂಟರ್‌ವ್ಯೂ ಮುಂದಕ್ಕೆ ಹೋಗಿತ್ತು. ಅದು ನಡೆದಾಗ ಆ ದುರಸ್ತಿಯನ್ನೇ ತೋರಿಸಿದೆ. ಹೇಗೆ ಮುರಿಯಿತು ಎಂದು ಒಬ್ಬರು ಕೇಳಿದರು. ಅಲ್ಲಿ ಆಂಟಿ ಇರಲಿಲ್ಲ, ಡಾಕ್ಟರಿರಲಿಲ್ಲ. ಒಂದು ಅಪಘಾತ ಎಂದು ಹೇಳಿ ಮುಗಿಸಬಹುದಿತ್ತು. ನಾನು ಹೇಳಿದೆ — ಮರೆವಿನ ಕಾಯಿಲೆಯಿರುವ ಹಿರಿಯ ಮಹಿಳೆಯೊಬ್ಬರು ಬೀಳಿಸಿದರು. ಪರದೆಯಲ್ಲಿದ್ದ ಮುಖಗಳೆಲ್ಲ ಮೆತ್ತಗಾದವು. ಆ ಮರುಕ ನನಗೂ ಸ್ವಲ್ಪ ಸಿಕ್ಕಿತು. ಕೆಲಸವೂ ಸಿಕ್ಕಿತು.

ಹೊರಡುವ ಮುಂಚೆ ಒಂದು ಮಧ್ಯಾಹ್ನ ಆಂಟಿ ಮನೆಯಲ್ಲಿ ಕಾಣಲಿಲ್ಲ. ಗಂಟೆ ಕೂಗಿರಲಿಲ್ಲ. ಹುಡುಕುತ್ತ ಗ್ಯಾರೇಜಿಗೆ ಹೋದರೆ, ಕಾರಿನೊಳಗೆ ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಕೀ ಇಲ್ಲ. ಎರಡೂ ಕೈ ಸ್ಟೀರಿಂಗ್ ಮೇಲೆ. ನಾನು ಪಕ್ಕದ ಸೀಟಿನಲ್ಲಿ ಕೂತೆ. ಎದುರಿಗೆ ಮುಚ್ಚಿದ ಗ್ಯಾರೇಜ್ ಬಾಗಿಲು.

"ಬಸ್ಸಲ್ಲಿ ಒಂದು ನಿಯಮ ಉಂಟು" ಎಂದರು, ಬಾಗಿಲನ್ನೇ ನೋಡುತ್ತ. "ಟ್ರಿಪ್ ಮುಗಿದ ಮೇಲೆ ಡ್ರೈವರ್ ಹಿಂದಿನ ಸೀಟಿನ ತನಕ ನಡೆದು ಹೋಗಿ ನೋಡ್ಬೇಕು. ಯಾವ್ದಾದ್ರೂ ಮಗು ನಿದ್ದೆ ಮಾಡಿರ್ತದಲ್ಲ. ಒಂದು ದಿನವೂ ನಾನು ನೋಡದೆ ಇಳಿದವಳಲ್ಲ. ಒಂದು ಮಗುವನ್ನೂ ಮರ್ತು ಬಿಟ್ಟವಳಲ್ಲ." ಸ್ಟೀರಿಂಗ್ ಮೇಲೆ ಒಮ್ಮೆ ಕೈ ಸವರಿದರು. "ಈ ಕುದುರೆದು ಮಾತ್ರ ನಂಗೆ ಎಷ್ಟು ಹುಡುಕಿದ್ರೂ ಸಿಕ್ಕುದಿಲ್ಲ ವಿದ್ಯಾ. ಒರೆಸಿದ್ದು ನೆನಪುಂಟು, ಬಟ್ಟೆ ಮಡಚಿ ಇಟ್ಟದ್ದೂ ನೆನಪುಂಟು. ಮಧ್ಯದಲ್ಲಿ ಅದು ಎಲ್ಲಿ ಬಿತ್ತು?"

ಆಗ ಹೇಳಬಹುದಿತ್ತು. ಕೆಲಸ ಕೈಯಲ್ಲಿತ್ತು, ವೀಸಾ ಗಟ್ಟಿಯಾಗಿತ್ತು, ಹೆದರಲು ಏನೂ ಉಳಿದಿರಲಿಲ್ಲ. ಆದರೆ ಆ ಹೊತ್ತಿಗೆ ಮುಚ್ಚಿಟ್ಟದ್ದು ಮುರಿದ ಕುದುರೆಯಷ್ಟೇ ಆಗಿರಲಿಲ್ಲ. ಒಲೆಯ ಮುಚ್ಚಳ, ಬಾಗಿಲ ಗಂಟೆ, ಅನಿತಾಳ ಅಳು, ಪರೀಕ್ಷೆಯ ಐದು ಪದ... ಒಂದನ್ನು ಒಪ್ಪಿಕೊಂಡರೆ ಎಲ್ಲವನ್ನೂ ಒಪ್ಪಿಕೊಳ್ಳಬೇಕಿತ್ತು. "ತಲೆಗೆ ಹಚ್ಕೋಬೇಡಿ ಆಂಟಿ. ಒಳಗೆ ಬನ್ನಿ, ಸೆಕೆ" ಎಂದೆ.

ಅವರು ಇಳಿದರು. ಹೇಳಿದ ಹಾಗೆ ಕೇಳುವುದು ಅವರಿಗೆ ಆಗಲೇ ರೂಢಿಯಾಗಿತ್ತು.

2021ರಲ್ಲಿ ನಾನು ಲಾಸ್ ಏಂಜಲಿಸ್‌ಗೆ ಬಂದೆ. ಮರುವರ್ಷ ಡಾಕ್ಟರು ತೀರಿಕೊಂಡರು. ಶ್ರಾದ್ಧದ ಊಟಕ್ಕೆ ಬಂದ ನಮ್ಮವರು ಆಂಟಿಯ ಜೊತೆ ಜೋರಾಗಿ, ನಿಧಾನವಾಗಿ, ಕಿವುಡರ ಜೊತೆ ಆಡುವಂತೆ ಮಾತಾಡಿದರು. ಪಕ್ಕಕ್ಕೆ ಬಂದು ನನ್ನನ್ನು ವಿಚಾರಿಸಿದರು: "ತುಂಬಾ ಜಾಸ್ತಿ ಆಗಿದ್ಯಾ?" ಜೊತೆಯಲ್ಲಿದ್ದವಳು ನಾನಲ್ಲವೇ. "ಏನು ಮಾಡೋದು, ವಯಸ್ಸಾಯ್ತಲ್ಲ" ಎಂದೆ. ಅವರೆಲ್ಲ ಅದನ್ನು ತಮ್ಮ ತಮ್ಮ ಮನೆಗಳಿಗೆ ಕೊಂಡೊಯ್ದರು.

ಅನಿತಾ ತಾಯಿಯನ್ನು ಒಬ್ಬರನ್ನೇ ಬಿಡುವಂತಿರಲಿಲ್ಲ, ಕೆಲಸವನ್ನೂ ಬಿಡುವಂತಿರಲಿಲ್ಲ. ವೆಸ್ಟ್ ಕೊವಿನಾದಲ್ಲಿ ಮರೆವಿನವರನ್ನು ನೋಡಿಕೊಳ್ಳುವ ಒಂದು ಮನೆಯಿತ್ತು, ನಮ್ಮ ಊಟ ಕೊಡುತ್ತಾರೆ ಎಂಬ ಕಾರಣಕ್ಕೆ ಅಲ್ಲಿ ಸೇರಿಸಿದಳು. ನಾನು ಹೋಗುತ್ತಿರಲಿಲ್ಲ. ಟ್ರಾಫಿಕ್, ಕೆಲಸ, ಏನೇನೋ ನೆಪ. 2024ರಲ್ಲಿ ಒಂದು ಭಾನುವಾರ ಅನಿತಾ ಫೋನ್ ಮಾಡಿ, ತಾನು ಊರಲ್ಲಿಲ್ಲ, ಅಮ್ಮನನ್ನು ಒಮ್ಮೆ ನೋಡಿಕೊಂಡು ಬರುತ್ತೀರಾ ಎಂದು ಕೇಳಿದಳು. ತಪ್ಪಿಸಿಕೊಳ್ಳಲಾಗಲಿಲ್ಲ.

ಹೊರಬಾಗಿಲಿಗೆ ಅಂಕಿ ಒತ್ತಿ ತೆರೆಯುವ ಬೀಗ. ಒಳಗೆ ಒಬ್ಬಾಕೆ ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ತಟ್ಟುತ್ತಿದ್ದಳು. ಒಬ್ಬ ಮುದುಕ ಬಸ್ಸು ಯಾವಾಗ ಬರುತ್ತದೆಂದು ಎಲ್ಲರನ್ನೂ ಕೇಳುತ್ತಿದ್ದ. ಅವರ ನಡುವೆ ಕಿಟಕಿಯ ಬಳಿ ಪದ್ಮಾ ಆಂಟಿ ನೆಟ್ಟಗೆ ಕೂತಿದ್ದರು. ನನ್ನನ್ನು ನೋಡಿ, "ತೆಳ್ಳಗಾಗಿದ್ದೀ. ಮ್ಯೂಸಿಯಮ್ಮಿನವರು ಊಟಕ್ಕೆ ಬಿಡುದಿಲ್ವಾ?" ಎಂದರು. ನನ್ನ ಅಮ್ಮನ ಮಂಡಿ ಆಪರೇಷನ್ ಹೇಗಾಯಿತು ಎಂದು ಕೇಳಿದರು. ನಾನು ಅದನ್ನು ಫೋನಿನಲ್ಲಿ ಹೇಳಿ ವರ್ಷವೇ ಆಗಿತ್ತು.

ಹೊರಡಲು ಎದ್ದಾಗ ಬೀಗದ ಅಂಕಿ ನನಗೆ ಮರೆತುಹೋಯಿತು. ನರ್ಸನ್ನು ಹುಡುಕುತ್ತಿದ್ದೆ. ಆಂಟಿ ಕೂತಲ್ಲಿಂದಲೇ ನಾಲ್ಕು ಅಂಕಿ ಹೇಳಿದರು.

"ನಿಮಗೆ ಗೊತ್ತಾ?"

"ದಿನಾ ನೋಡ್ತೇನಲ್ಲ, ಅವರು ಒತ್ತುದನ್ನು. ತಿಂಗಳಿಗೊಮ್ಮೆ ಬದಲಾಯಿಸ್ತಾರೆ. ಎಲ್ಲ ಗೊತ್ತುಂಟು."

"ಮತ್ತೆ... ಒಂದ್ಸಲನೂ ಹೊರಗೆ ಹೋಗ್ಲಿಲ್ವಾ? ಈ ಅಂಗಳದ ತನಕ ಆದ್ರೂ?"

ಅವರು ನನ್ನನ್ನು, ಏನೂ ತಿಳಿಯದ ಮಗುವನ್ನು ನೋಡುವಂತೆ ನೋಡಿದರು. "ಹೋಗಿ? ಹೊರಗೆ ಹೋದ್ರೆ ನಾನು ಎಂತ ಮಾಡ್ತೇನೆ ಅಂತ ನಂಗೇ ಗೊತ್ತಿಲ್ಲ. ಮಾಡಿದ್ದು ನೆನಪಿರುದಿಲ್ವಲ್ಲ ನಂಗೆ."

ನಾನು ಮತ್ತೆ ಕೂತೆ. ಹೇಗೆ ಶುರುಮಾಡಿದೆನೋ ಗೊತ್ತಿಲ್ಲ. ವರಾಂಡದ ಬಿಸಿಲು, ಸಡಿಲಾದ ಸ್ಕ್ರೂ, ಗೋಡೆಗೆ ತಿರುಗಿಸಿಟ್ಟದ್ದು, ಅವರ ಪ್ರಶ್ನೆ, ನನ್ನ ಉತ್ತರ, ಇಂಟರ್‌ವ್ಯೂನಲ್ಲಿ ಆಡಿದ್ದು — ಎಲ್ಲ ಹೇಳಿದೆ. ಅಳಬಾರದೆಂದು ಗಟ್ಟಿಯಾಗಿ ನಿರ್ಧರಿಸಿದ್ದೆ. ಅತ್ತರೆ ಅವರು ನನ್ನನ್ನು ಸಮಾಧಾನ ಮಾಡಲು ಹೊರಡುತ್ತಾರೆಂದು ಗೊತ್ತಿತ್ತು. ಅಳಲಿಲ್ಲ.

ಬಸ್ಸಿಗೆ ಕಾಯುತ್ತಿದ್ದ ಮುದುಕ ಬಂದು ಕೇಳಿದ. ಅವನಿಗೆ ಆಂಟಿ ಇಂಗ್ಲಿಷಿನಲ್ಲಿ, ಈಗ ಬರುತ್ತದೆ ಎಂದು ಹೇಳಿ ಕಳಿಸಿದರು. ಆಮೇಲೆ ಕೇಳಿದರು:

"ಅವರಿಗೆ ಗೊತ್ತಿತ್ತಾ?"

"ಇಲ್ಲ ಆಂಟಿ. ಯಾರಿಗೂ ಹೇಳಿಲ್ಲ."

"ಹಾಗಾದ್ರೆ ಅವರು ಹೋಗುವಾಗಲೂ..." ಎಂದು ಕಿಟಕಿಯ ಕಡೆ ತಿರುಗಿದರು. "ಕಡೇ ದಿವಸ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಹೇಳಿದ್ರು, ನಾನು ಯಾರು ಅಂತ ಗೊತ್ತುಂಟಾ ಪದ್ಮಾ, ಅಂತ. ಐವತ್ತು ವರ್ಷ ಸಂಸಾರ ಮಾಡಿದವಳನ್ನು ಕೇಳುದಾ ಅದನ್ನು? ಅದೇ ಕಡೇ ಮಾತು."

ಇದನ್ನು ಸರಿಮಾಡುವ ಕೆಲಸ ಯಾವುದೂ ಇಲ್ಲ. ನನಗೆ ಗೊತ್ತಿರುವ ಬೆಸುಗೆ, ಬಣ್ಣ, ಮೇಣ ಯಾವುದೂ ಅಲ್ಲಿಗೆ ತಲುಪುವುದಿಲ್ಲ.

"ಅನಿತಂಗೆ ಫೋನ್ ಮಾಡು" ಎಂದರು. "ಈಗ. ನನ್ನ ಎದುರಿಗೆ. ನೀನೇ ಹೇಳ್ಬೇಕು."

ಮಾಡಿದೆ. ಹೇಳಿದೆ. ಆ ಕಡೆಯಿಂದ ಅನಿತಾ ಒಂದೇ ಮಾತು ಕೇಳಿದಳು, "ವೈ ವುಡ್ ಯೂ ಡೂ ದಟ್ ಟು ಹರ್?" ವೀಸಾ, ಕೆಲಸ, ಹೆದರಿಕೆ ಎಂದು ಮೇಲೆ ಬರೆದಿದ್ದೇನೆ. ಅವು ನಡೆದದ್ದನ್ನು ಹೇಳುತ್ತವೆ, ಏಕೆ ಎಂಬುದನ್ನಲ್ಲ.

ಹೊಸದಾಗಿ ಪರೀಕ್ಷೆಗಳಾದವು, ಈ ಸಲ ಎದುರು ಕೂತು, ಸಮಾಧಾನದಿಂದ. ವಯಸ್ಸಿಗೆ ತಕ್ಕ ಮರೆವು, ಅದಕ್ಕಿಂತ ಹೆಚ್ಚೇನಿಲ್ಲ ಎಂದರಂತೆ. ಆಂಟಿ ಈಗ ಎಲ್ ಸೆಗುಂಡೋದಲ್ಲಿ ಮಗಳ ಜೊತೆಗಿದ್ದಾರೆ. ಬೀಗ ತೆಗೆದ ಕೂಡಲೇ ಎಲ್ಲ ಸರಿಹೋಯಿತೆಂದು ನೀವು ತಿಳಿಯಬಾರದು. ಅನಿತಾ ಹೇಳುವಂತೆ ಅವರು ಒಲೆ ಹಚ್ಚುವ ಮುಂಚೆ ಇನ್ನೂ ಯಾರನ್ನಾದರೂ ಕರೆಯುತ್ತಾರೆ. ಕಾರಿನ ಕೀ ಕೊಟ್ಟರೆ ಮೇಜಿನ ಮೇಲಿಟ್ಟು, ನಾಳೆ ಎನ್ನುತ್ತಾರೆ. ನಾಲ್ಕು ವರ್ಷ ತಮ್ಮನ್ನು ತಾವೇ ಅನುಮಾನಿಸುವುದನ್ನು ಕಲಿತವರು, ನಿಜ ತಿಳಿದ ಮಾತ್ರಕ್ಕೆ ಅದನ್ನು ಮರೆಯುತ್ತಾರೆಯೇ?

ನಾನು ಕೆಲಸ ಮಾಡುವಲ್ಲಿಯೂ ನಿಜ ಹೇಳಿದೆ. ಕೆಲಸ ಹೋಗಲಿಲ್ಲ. ಹೋಗಿದ್ದರೆ ಹಗುರವಾಗುತ್ತಿತ್ತೇನೋ — ಆ ಹಗುರವೂ ನನಗೆ ಸಲ್ಲತಕ್ಕದ್ದಲ್ಲ.

ಒಮ್ಮೆ ಮಾತ್ರ ಆಂಟಿ ತಾವಾಗಿ ಫೋನ್ ಮಾಡಿದರು. "ಮನೆಗೆ ಬರ್ಬೇಡ ನೀನು. ನಂಗೆ ನೋಡ್ಲಿಕ್ಕೆ ಆಗುದಿಲ್ಲ" ಎಂದರು. "ಬೆಳಿಗ್ಗೆ ಎದ್ದ ಕೂಡ್ಲೆ ನಿನ್ನ ಮೇಲೆ ಸಿಟ್ಟು ಬರ್ತದೆ. ಒಂದು ದಿನವೂ ತಪ್ಪುದಿಲ್ಲ." ನಾನು ಸರಿ ಆಂಟಿ ಎಂದೆ. ಕ್ಷಮಿಸಿ ಎಂದು ಕೇಳಲಿಲ್ಲ. ಕೇಳಿದರೆ ಅವರ ತಲೆಯ ಮೇಲೆ ಇನ್ನೊಂದು ಕೆಲಸ ಹೊರಿಸಿದಂತೆ.

ಶ್ರಾದ್ಧದ ದಿನ ನನ್ನ ಬಾಯಿಂದ ಕೇಳಿಸಿಕೊಂಡ ಮನೆಗಳಿಗೆಲ್ಲ ಈಗ ಒಂದೊಂದಾಗಿ ಫೋನ್ ಮಾಡುತ್ತಿದ್ದೇನೆ. ಕೆಲವರು ನಂಬುವುದಿಲ್ಲ. "ಪಾಪ, ಇರಲಿ ಬಿಡಮ್ಮ, ಅವರಿಗೆ ಮರೆವಿದ್ದದ್ದು ನಮಗೂ ಕಾಣ್ತಿತ್ತು" ಎನ್ನುತ್ತಾರೆ. ಮತ್ತೊಮ್ಮೆ ಮೊದಲಿನಿಂದ ಹೇಳುತ್ತೇನೆ. ಕೆಲವರು ಊರು ಬದಲಿಸಿದ್ದಾರೆ, ಕೆಲವರ ನಂಬರು ನನ್ನಲ್ಲಿಲ್ಲ. ಅಂಥವರಿಗಾಗಿ ಇದನ್ನು ಬರೆದೆ. ಸ್ಯಾನ್ ಡಿಯೇಗೊದ ಪದ್ಮಾ ಆಂಟಿಗೆ ತಲೆ ಸರಿಯಿಲ್ಲವಂತೆ ಎಂದು ನೀವು ಎಲ್ಲಾದರೂ ಕೇಳಿದ್ದರೆ, ಅದು ನನ್ನಿಂದ ಹೊರಟ ಮಾತು. ನೀವು ಅದನ್ನು ಯಾರಿಗೆ ಹೇಳಿದ್ದಿರೋ, ದಯವಿಟ್ಟು ಅವರಿಗೂ ಇದನ್ನು ಹೇಳಿ.